ಬಿಚ್ಚಿ ನೋಡುವ ವಿದ್ಯೆ

ಈ ಸಂಚಿಕೆಗಾಗಿ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳುವುದೂ, ನಿವೃತ್ತಿಯ ಸೋಮಾರಿತನದಲ್ಲಿ ನಾನು ಅದನ್ನು ಮುಂದಕ್ಕೆ ತಳ್ಳುತ್ತ ಬರುವುದೂ ಹಲವು ವರ್ಷಗಳಿಂದ ನಡೆದುಬಂದ ಪದ್ಧತಿ. ಈ ಸಲ ಅದನ್ನು ಮುರಿಯುವಂತೆ ಮಾಡಿದುದು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ, ಕೆಟ್ಟುಹೋದ ಒಂದು ಹಾಡಿನ ಪೆಟ್ಟಿಗೆ. ಅದನ್ನು ಬಿಚ್ಚಿದ ಒಂದು ಶನಿವಾರದ ಮಧ್ಯಾಹ್ನ ನನ್ನ ಮನಸ್ಸಿನಲ್ಲಿ ಎದ್ದ ಕೆಲವು ವಿಚಾರಗಳನ್ನು ಶಿಕ್ಷಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ಶಾಲೆಗೆ ಉದಾರವಾಗಿ ನೆರವಾಗುತ್ತಿರುವ ಮಹನೀಯರ ಮುಂದೆ ಇಡಬಯಸುತ್ತೇನೆ. ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು.

ಅಮೆರಿಕೆಯಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಊರಿಗೆ ಬಂದಾಗ ನನ್ನನ್ನು ಕಂಡು, ತಮ್ಮ ಚೀಲದಿಂದ ಈ ಪೆಟ್ಟಿಗೆಯನ್ನು ತೆಗೆದು, "ಸರ್, ಇದು ಸತ್ತು ಬಹಳ ವರ್ಷಗಳಾದವು. ಎಸೆಯಲು ಮನಸ್ಸು ಬರಲಿಲ್ಲ. ನೀವು ರೇಡಿಯೋ ರಿಪೇರಿ ಮಾಡುತ್ತಿದ್ದುದು ನೆನಪಾಯಿತು" ಎಂದು ಕೈಗಿತ್ತರು. ಅದು ಆಪಲ್ ಕಂಪನಿಯ ಐಪಾಡ್. ೨೦೦೫ರ ಅಕ್ಟೋಬರ್ ೧೨ರಂದು ಪ್ರಕಟವಾದ ಐದನೆಯ ಪೀಳಿಗೆಯ, ೩೦ ಗಿಗಾಬೈಟ್ ಧಾರಣಶಕ್ತಿಯುಳ್ಳ ಮಾದರಿ. ಅಂದಿನ ಬೆಲೆ ೨೯೯ ಡಾಲರ್. ದಪ್ಪ ೧೧ ಮಿಲಿಮೀಟರ್, ತೂಕ ೧೩೬ ಗ್ರಾಂ. ಮುಂಭಾಗ ಬಿಳಿಯ ಪ್ಲಾಸ್ಟಿಕ್, ಹಿಂಭಾಗ ಮುಖ ನೋಡಿಕೊಳ್ಳಬಹುದಾದಷ್ಟು ಹೊಳಪಿನ ಉಕ್ಕಿನ ತಗಡು. ಸುಮಾರು ೭,೫೦೦ ಹಾಡುಗಳನ್ನು ಇದರಲ್ಲಿ ತುಂಬಬಹುದೆಂದು ಕಂಪನಿ ಹೇಳಿಕೊಂಡಿತ್ತು. ಮೊದಲ ಐಪಾಡ್ ಹೊರಬಂದುದು ೨೦೦೧ರಲ್ಲಿ, ೫ ಗಿಗಾಬೈಟಿನೊಡನೆ. ಈ ವಂಶದ ಕೊನೆಯ ಕುಡಿಯನ್ನೂ ನಿಲ್ಲಿಸುವುದಾಗಿ ಕಂಪನಿ ಸಾರಿದುದು ೨೦೨೨ರ ಮೇ ತಿಂಗಳಲ್ಲಿ. ಇಪ್ಪತ್ತೊಂದು ವರ್ಷಗಳಲ್ಲಿ ಹುಟ್ಟಿ, ಜಗತ್ತನ್ನಾಳಿ, ಮೊಬೈಲ್ ಫೋನಿನ ಹೊಟ್ಟೆ ಸೇರಿದ ಯಂತ್ರವಿದು. ಒಂಬತ್ತನೆಯ ತರಗತಿಯ ಮಕ್ಕಳಿಗೆ ತೋರಿಸಿದಾಗ ಹನ್ನೊಂದು ಮಂದಿಯಲ್ಲಿ ಒಬ್ಬರಿಗೂ ಅದರ ಹೆಸರು ಗೊತ್ತಿರಲಿಲ್ಲ.

ಅದನ್ನು ಬಿಚ್ಚಿದ ಕಥೆಗೆ ಮುನ್ನ ಒಂದು ತಪ್ಪೊಪ್ಪಿಗೆಯನ್ನು ಇಲ್ಲಿ ದಾಖಲಿಸಲೇಬೇಕಾಗಿದೆ. ೧೯೯೧ರಲ್ಲಿ ನಾನು ಬೇರೊಂದು ಊರಿನ ಶಾಲೆಯಲ್ಲಿ ಕೆಲಸ ಮಾಡುತ್ತಿದ್ದೆ. ಅಲ್ಲಿನ ಕ್ಯಾಸೆಟ್ ಯಂತ್ರವನ್ನು ಎಂಟನೆಯ ತರಗತಿಯ ಹುಡುಗನೊಬ್ಬ ಊಟದ ವೇಳೆಯಲ್ಲಿ ಬಿಚ್ಚಿ ಹರಡಿಕೊಂಡು ಕುಳಿತಿದ್ದ. ನಾನು ಅವನಿಗೆ ಎರಡು ಏಟು ಕೊಟ್ಟು, ಅವನ ತಂದೆಯನ್ನು ಕರೆಸಿ ನಲವತ್ತು ರೂಪಾಯಿ ದಂಡ ಕಟ್ಟಿಸಿದೆ. ಸಂಜೆ ಯಂತ್ರವನ್ನು ಜೋಡಿಸಲು ಕುಳಿತಾಗ ತಿಳಿಯಿತು: ಆ ಹುಡುಗ ಸಡಿಲಾಗಿದ್ದ ರಬ್ಬರ್ ಪಟ್ಟಿಯನ್ನು ತೆಗೆದು ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಹೊಸ ಪಟ್ಟಿಯನ್ನು ಏರಿಸುತ್ತಿದ್ದ, ಕೆಲಸ ಮುಕ್ಕಾಲು ಪಾಲು ಮುಗಿದಿತ್ತು. ಉಳಿದ ಕಾಲು ಭಾಗವನ್ನು ನಾನು ಮುಗಿಸಿದೆ, ಯಂತ್ರ ಹಾಡಿತು, ಶ್ಲಾಘನೆ ನನಗೆ ಬಂದಿತು. ದಂಡದ ಹಣವನ್ನು ಹಿಂದಿರುಗಿಸಲು ದಾಸ್ತಾನು ಪುಸ್ತಕದಲ್ಲಿ ಅವಕಾಶವಿರಲಿಲ್ಲವೆಂದು ಅಂದು ನನಗೆ ನಾನೇ ಹೇಳಿಕೊಂಡೆ. ಆ ಹುಡುಗ ಮರುವರ್ಷ ಶಾಲೆಗೆ ಬರಲಿಲ್ಲ. ಕಾರಣ ನಾನೇ ಎಂದು ಹೇಳಲಾರೆ, ಅಲ್ಲವೆಂದೂ ಹೇಳಲಾರೆ.

ಐಪಾಡಿನ ಹೊರಮೈಯಲ್ಲಿ ಒಂದು ತಿರುಪೂ ಇಲ್ಲ. ಬಿಚ್ಚಬೇಡಿ ಎಂದು ಬರೆದಿಲ್ಲದಿದ್ದರೂ ಅದರ ರೂಪವೇ ಹಾಗೆ ಹೇಳುತ್ತದೆ. ಬಿಳಿಯ ಭಾಗವೂ ಉಕ್ಕಿನ ಭಾಗವೂ ಕೂಡುವ ಕೂದಲೆಳೆಯ ಸಂದಿಯಲ್ಲಿ ತೆಳುವಾದ ಪ್ಲಾಸ್ಟಿಕ್ ಚೂರನ್ನು ತೂರಿಸಿ, ಒಳಗಿನ ಕೊಂಡಿಗಳನ್ನು ಒಂದೊಂದಾಗಿ ಬಿಡಿಸುತ್ತ ಸುತ್ತ ಬರಬೇಕು. ಲೋಹದ ಸ್ಕ್ರೂ ಡ್ರೈವರನ್ನು ಇಲ್ಲಿ ಬಳಸಲಾಗದು. ಅಂಚು ಕಚ್ಚುತ್ತದೆ, ಜಾರಿದರೆ ಬ್ಯಾಟರಿಗೆ ತಗಲುತ್ತದೆ. ಕೊಂಡಿಗಳು ಟಕ್ ಟಕ್ ಎಂದು ಬಿಡತೊಡಗಿದಾಗ ಮಕ್ಕಳ ಉಸಿರು ನಿಂತಂತಾಗಿತ್ತು. ಕೊನೆಯ ಕೊಂಡಿ ಬಿಟ್ಟ ಸಂತೋಷದಲ್ಲಿ ನಾನು ಹಿಂಭಾಗವನ್ನು ಸ್ವಲ್ಪ ಜೋರಾಗಿಯೇ ಎತ್ತಿದೆ. ಎರಡು ಭಾಗಗಳನ್ನು ಒಳಗೆ ಕೂಡಿಸುವ ಎರಡು ಪಟ್ಟಿತಂತಿಗಳಿವೆ, ಒಂದು ಬ್ಯಾಟರಿಯದು, ಇನ್ನೊಂದು ಕಿವಿಗೆ ಹಾಡು ತಲುಪಿಸುವ ಜೋಡಣೆಯದು. ಎರಡನೆಯದು ಹರಿಯಿತು. ಒಂದು ಕ್ಷಣ ಯಾರೂ ಮಾತನಾಡಲಿಲ್ಲ. ಆಮೇಲೆ ಹಿಂದೆ ನಿಂತಿದ್ದ ಹುಡುಗಿ ಮೆಲ್ಲನೆ, "ಇರ್ಲಿ ಬಿಡ್ರಿ ಸರ್. ನಾವ್ಯಾರರ ಮಾಡಿದ್ರ ಬೈಸ್ಕೋತಿದ್ವಿ" ಎಂದಳು. ೧೯೯೧ರ ಆ ಹುಡುಗನ ಪರವಾಗಿ ಯಾರೋ ನನ್ನ ಮೊಕದ್ದಮೆಯನ್ನು ಮರುವಿಚಾರಣೆಗೆ ತೆಗೆದುಕೊಂಡಂತಾಯಿತು.

ಒಳಗೆ ಕಂಡುದೇನು? ಹಿಂಬದಿಯ ತಗಡಿಗೆ ಅಂಟಿಸಿದ ತೆಳುವಾದ ಲಿಥಿಯಂ ಬ್ಯಾಟರಿ. ನೀಲಿ ರಬ್ಬರಿನ ಮೆತ್ತೆಗಳ ನಡುವೆ ಮಲಗಿಸಿದ ಹಾರ್ಡ್ ಡಿಸ್ಕ್. ಅದನ್ನು ಪುಸ್ತಕದ ರಟ್ಟಿನಂತೆ ಮಗುಚಿದರೆ ಕೆಳಗೆ ಹಸಿರು ಸರ್ಕೀಟ್ ಬೋರ್ಡು, ಅದರ ಮೇಲೆ ಕರಿಯ ಚಿಪ್ಪುಗಳು. ಇನ್ನೂ ಕೆಳಗೆ ಎರಡೂವರೆ ಅಂಗುಲದ ತೆರೆ ಮತ್ತು ಬೆರಳಾಡಿಸುವ ಚಕ್ರ.

ಯಂತ್ರದ ರೋಗ ಡಿಸ್ಕಿನಲ್ಲೇ ಇತ್ತು. ವಿದ್ಯುತ್ತು ಕೊಟ್ಟಾಗ ಒಳಗೆ ಟಿಕ್ ಟಿಕ್ ಎನ್ನುತ್ತ, ತೆರೆಯ ಮೇಲೆ ಅಳುಮೋರೆಯ ಐಪಾಡಿನ ಚಿತ್ರವೊಂದು ಮೂಡುತ್ತಿತ್ತು. ಹೇಗೂ ಸತ್ತಿದೆಯೆಂದು ಡಿಸ್ಕನ್ನೂ ತೆರೆದೆವು. ಜಪಾನಿನ ತೋಷಿಬಾ ತಯಾರಿಸಿದ ೧.೮ ಅಂಗುಲದ ಜಾತಿಯ ಡಿಸ್ಕ್ ಅದು. ಒಳಗೆ ಕನ್ನಡಿಯಂತೆ ಹೊಳೆಯುವ ಒಂದು ತಟ್ಟೆ. ಲೋಹವೆಂದು ಕಾಣುವ ಅದರ ಒಡಲು ನಿಜವಾಗಿ ಗಾಜು, ಮೇಲೆ ಕಾಂತೀಯ ಲೇಪ. ಅದು ನಿಮಿಷಕ್ಕೆ ೪,೨೦೦ ಸುತ್ತು, ಅಂದರೆ ಸೆಕೆಂಡಿಗೆ ಎಪ್ಪತ್ತು ಸುತ್ತು ತಿರುಗುತ್ತದೆ. ಪಕ್ಕದಲ್ಲಿ ಕೊಕ್ಕರೆಯ ಕೊಕ್ಕಿನಂಥ ಒಂದು ತೋಳು, ಅದರ ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಓದುವ ಮೊಗ. ತಟ್ಟೆಯನ್ನು ಅದು ಮುಟ್ಟುವುದಿಲ್ಲ. ತಿರುಗುವ ತಟ್ಟೆ ಎಳೆದು ತರುವ ಗಾಳಿಯ ಪದರದ ಮೇಲೆ, ನ್ಯಾನೋಮೀಟರುಗಳಲ್ಲಿ ಅಳೆಯುವಷ್ಟು ಎತ್ತರದಲ್ಲಿ ತೇಲುತ್ತದೆ. ಇಷ್ಟು ಚಿಕ್ಕ ತಟ್ಟೆಯಲ್ಲಿ ಇಷ್ಟೊಂದನ್ನು ಬರೆದು ಓದಲು ಸಾಧ್ಯವಾದುದು ಫ್ರಾನ್ಸಿನ ಆಲ್ಬರ್ಟ್ ಫರ್ಟ್ ಮತ್ತು ಜರ್ಮನಿಯ ಪೀಟರ್ ಗ್ರೂನ್‌ಬರ್ಗ್ ಅವರು ೧೯೮೮ರಲ್ಲಿ ಬೇರೆಬೇರೆಯಾಗಿ ಕಂಡುಹಿಡಿದ ದೈತ್ಯ ಕಾಂತೀಯ ರೋಧ ಪರಿಣಾಮದ ಫಲವಾಗಿ. ಕಾಂತಕ್ಷೇತ್ರದ ಅತ್ಯಲ್ಪ ಬದಲಾವಣೆಗೂ ವಿದ್ಯುತ್ ರೋಧ ಬಹಳವಾಗಿ ಬದಲಾಗುವ ಆ ಗುಣಕ್ಕಾಗಿ ಅವರಿಗೆ ೨೦೦೭ರಲ್ಲಿ ನೊಬೆಲ್ ಬಹುಮಾನ ಬಂದಿತು. ಇದನ್ನೆಲ್ಲ ನಾನು ವಿವರಿಸುತ್ತಿರುವಾಗ ಮಕ್ಕಳ ಲಕ್ಷ್ಯವೆಲ್ಲ ತೋಳನ್ನು ಆಡಿಸುವ ಪುಟ್ಟ ಅಯಸ್ಕಾಂತದ ಮೇಲಿತ್ತು. ಅದು ಸ್ಕ್ರೂ ಡ್ರೈವರಿಗೆ ಅಂಟಿಕೊಂಡಿತು. ಬಿಡಿಸಲು ಇಬ್ಬರು ಬೇಕಾಯಿತು. ನೊಬೆಲ್ ಬಹುಮಾನಕ್ಕಿಂತ ಅದೇ ಅವರ ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿದೀತು. ಉಳಿಯಲಿ.

ನನ್ನನ್ನು ಹೆಚ್ಚು ಸಂತೋಷಪಡಿಸಿದುದು ಒಂದು ಲೆಕ್ಕ. ಹುಡುಗನೊಬ್ಬ ಕೇಳಿದ: ಹಾಡುವಷ್ಟು ಹೊತ್ತೂ ತಟ್ಟೆ ತಿರುಗುತ್ತಿದ್ದರೆ ಇಷ್ಟು ತೆಳು ಬ್ಯಾಟರಿ ಹೇಗೆ ಸಾಲುತ್ತದೆ? ಕಂಪನಿ ಹೇಳಿದ್ದು ಹದಿನಾಲ್ಕು ಗಂಟೆ. ಉತ್ತರ ಬೋರ್ಡಿನ ಮೇಲಿರುವ ೩೨ ಮೆಗಾಬೈಟಿನ ನೆನಪಿನ ಚಿಪ್ಪಿನಲ್ಲಿತ್ತು. ಕರಿಹಲಗೆಯ ಮೇಲೆ ಅವರಿಂದಲೇ ಮಾಡಿಸಿದೆ. ಸಿ.ಡಿ.ಯಲ್ಲಿ ಸೆಕೆಂಡಿಗೆ ೪೪,೧೦೦ ಸಲ ಧ್ವನಿಯನ್ನು ಅಳೆದು, ಪ್ರತಿ ಅಳತೆಗೆ ೧೬ ಬಿಟ್‌ನಂತೆ, ಎಡಬಲ ಎರಡು ಕಿವಿಗೂ ಬರೆದರೆ ಸೆಕೆಂಡಿಗೆ ೧೪,೧೧,೨೦೦ ಬಿಟ್. ಕಿವಿಗೆ ಕೇಳದ ಭಾಗಗಳನ್ನು ಬಿಟ್ಟು ಸಂಕೋಚಿಸಿದಾಗ ಅದು ೧,೨೮,೦೦೦ಕ್ಕೆ, ಸುಮಾರು ಹನ್ನೊಂದನೆಯ ಒಂದು ಪಾಲಿಗೆ, ಇಳಿಯುತ್ತದೆ. ನಾಲ್ಕು ನಿಮಿಷದ ಹಾಡಿಗೆ ೩.೮೪ ಮೆಗಾಬೈಟ್. ೩೦ ಗಿಗಾಬೈಟನ್ನು ಇದರಿಂದ ಭಾಗಿಸಿದರೆ ಸುಮಾರು ೭,೮೦೦. ಯಂತ್ರದ ಸ್ವಂತ ಸಾಮಗ್ರಿಗೆ ಸ್ವಲ್ಪ ಬಿಟ್ಟರೆ ಕಂಪನಿಯ ೭,೫೦೦ ಸರಿಹೊಂದುತ್ತದೆ. ಹಾಗೆಯೇ ೩೨ ಮೆಗಾಬೈಟಿನಲ್ಲಿ ಆರೇಳು ಹಾಡುಗಳು ಹಿಡಿಸುತ್ತವೆ. ಆದುದರಿಂದ ಡಿಸ್ಕ್ ಕೆಲವೇ ಕ್ಷಣ ತಿರುಗಿ, ಮುಂದಿನ ಹಾಡುಗಳನ್ನು ನೆನಪಿಗೆ ಸುರಿದು ಮಲಗಿಬಿಡುತ್ತದೆ. ಅವು ತೀರುತ್ತ ಬಂದಾಗ ಮತ್ತೆ ಏಳುತ್ತದೆ. "ನಮ್ಮ ಮನಿ ನೀರಿನ ಟ್ಯಾಂಕ್ ಇದ್ದಂಗ್ರಿ. ಮೋಟಾರು ದಿನವಿಡೀ ಓಡೂದಿಲ್ಲ" ಎಂದ ಅವನು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಇದಕ್ಕಿಂತ ಒಳ್ಳೆಯ ಉಪಮೆ ಹೊಳೆದಿರಲಿಲ್ಲ.

ಚಕ್ರದ ಸಂಗತಿಯೂ ಸ್ವಾರಸ್ಯದ್ದೇ. ಚಕ್ರವೆಂದು ಕರೆದರೂ ಅದು ತಿರುಗುವುದಿಲ್ಲ. ಅದರ ಕೆಳಗಿನ ಲೋಹದ ಪಟ್ಟಿಗಳ ಧಾರಕತ್ವ ನಮ್ಮ ಬೆರಳು ಹತ್ತಿರ ಬಂದಾಗ ಬದಲಾಗುತ್ತದೆ. ಅದನ್ನು ಅಳೆದು ಬೆರಳು ಎಲ್ಲಿದೆಯೆಂದು ಯಂತ್ರ ಅರಿಯುತ್ತದೆ. ಪುಸ್ತಕದಲ್ಲಿ ಧಾರಕವೆಂದರೆ ಎರಡು ಸಮಾಂತರ ಫಲಕಗಳ ಚಿತ್ರ. ಇಲ್ಲಿ ಒಂದು ಫಲಕ ವಿದ್ಯಾರ್ಥಿಯ ಬೆರಳೇ ಆಗಿದೆ. "ಹಂಗಾರ ಬೆರಳಾಡಿಸಿದ್ರ ಟಿಕ್ ಟಿಕ್ ಅಂತ ಸಪ್ಪಳ ಎಲ್ಲಿಂದ ಬರತೈತ್ರಿ?" ಎಂದು ಕೇಳಿದರು. ಅದು ಒಳಗೆ ಅಡಗಿಸಿಟ್ಟ ಪುಟ್ಟ ಸ್ಫಟಿಕದ ಗುನುಗುಕದಿಂದ ಬರುವ ಸಪ್ಪಳ. ತಿರುಗದ ಚಕ್ರ ತಿರುಗಿತೆಂಬ ಭ್ರಮೆಯನ್ನು ಹುಟ್ಟಿಸಲು ಇಟ್ಟದ್ದು.

ಇಷ್ಟಾದ ಮೇಲೂ ಒಂದು ಆಕ್ಷೇಪವನ್ನು ನಾನು ಬದಿಗಿಡಲಾರೆ. ಇಂದಿನ ವಿಜ್ಞಾನ ಶಿಕ್ಷಕರು ಅಂದೇ ಅದನ್ನು ಎತ್ತಿದರು. ಹಳೆಯ ರೇಡಿಯೋವನ್ನು ತೆರೆದರೆ ಸುರುಳಿ ಕಾಣುತ್ತದೆ, ಕಂಡೆನ್ಸರು ಕಾಣುತ್ತದೆ, ಕೆಲಸವೂ ಕಣ್ಣಿಗೆ ಬೀಳುತ್ತದೆ. ಇಲ್ಲಿ ಕಾಣುವುದು ಕರಿಯ ಚೌಕಗಳು. ಅವನ್ನು ದಿಟ್ಟಿಸಿ ನೋಡಿದ ಮಾತ್ರಕ್ಕೆ ಮಕ್ಕಳು ಕಲಿಯುವುದೇನು? ಈ ಮಾತಿನಲ್ಲಿ ಸತ್ಯವಿದೆ. ಪೆಟ್ಟಿಗೆಯನ್ನು ಬಿಚ್ಚುವುದರಿಂದ ವಿಜ್ಞಾನ ತಾನಾಗಿ ಬರುತ್ತದೆಂದು ಹೇಳುವವರು ಶಾಲೆಯನ್ನು ಕಂಡವರಲ್ಲ. ಆದರೆ ಚೌಕಗಳ ಮೇಲೆ ಹೆಸರುಗಳಿವೆ. ಒಂದರ ಮೇಲೆ ಪೋರ್ಟಲ್‌ಪ್ಲೇಯರ್, ಅದು ಯಂತ್ರದ ಮಿದುಳು. ಇನ್ನೊಂದು ಸ್ಕಾಟ್ಲೆಂಡಿನ ಎಡಿನ್‌ಬರೋದ ವುಲ್ಫ್‌ಸನ್, ಅಂಕಿಗಳನ್ನು ಮತ್ತೆ ಧ್ವನಿಯ ಅಲೆಗಳನ್ನಾಗಿಸುವುದು. ಮತ್ತೊಂದು ಬ್ರಾಡ್‌ಕಾಮ್, ಚಲಚ್ಚಿತ್ರಕ್ಕೆ. ಕೆಲಸ ಯಾರ್ಯಾರಿಗೆ ಹಂಚಿಹೋಗಿದೆ, ಹಾಡು ಯಾವ ದಾರಿಯಲ್ಲಿ ಸಾಗಿ ಕಿವಿಗೆ ಬರುತ್ತದೆ ಎಂಬುದನ್ನು ಬೆರಳಿಟ್ಟು ತೋರಿಸಬಹುದು. ಅದಕ್ಕಿಂತ ಮುಖ್ಯವಾಗಿ, ತನಗೆ ಎಲ್ಲಿಯವರೆಗೆ ತಿಳಿದಿದೆ, ಎಲ್ಲಿಂದಾಚೆ ತಿಳಿದಿಲ್ಲ ಎಂಬ ಗೆರೆ ವಿದ್ಯಾರ್ಥಿಗೆ ಸ್ಪಷ್ಟವಾಗುತ್ತದೆ. ಮುಚ್ಚಿದ ಪೆಟ್ಟಿಗೆಯ ಮುಂದೆ ಆ ಗೆರೆಯೇ ಇರುವುದಿಲ್ಲ.

ಗದ್ದಲ ಕೇಳಿ ಒಳಬಂದ ಸಮಾಜ ವಿಜ್ಞಾನದ ಶಿಕ್ಷಕಿಯವರು ಹಿಂಬದಿಯ ತಗಡಿನ ಮೇಲಿದ್ದ ಬರಹವನ್ನು ಓದಿಸಿದರು: ಕ್ಯಾಲಿಫೋರ್ನಿಯದಲ್ಲಿ ರೂಪಿಸಿದುದು, ಚೀನದಲ್ಲಿ ಜೋಡಿಸಿದುದು. ಇದೇ ೩೦ ಗಿಗಾಬೈಟಿನ ಮಾದರಿಯನ್ನು ಕುರಿತು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಂಶೋಧಕರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಆಗ ನೆನಪಾಯಿತು. ಅವರು ಇದರಲ್ಲಿ ೪೫೧ ಬಿಡಿಭಾಗಗಳನ್ನು ಎಣಿಸಿದರು. ೨೯೯ ಡಾಲರ್ ಬೆಲೆಯಲ್ಲಿ ಅತ್ಯಂತ ದುಬಾರಿಯಾದ ಭಾಗ ಡಿಸ್ಕ್, ಸುಮಾರು ೭೩ ಡಾಲರ್. ಆಪಲ್ ಕಂಪನಿಯ ಪಾಲು ಸುಮಾರು ೮೦. ಚೀನದಲ್ಲಿ ಜೋಡಿಸಿ ಪರೀಕ್ಷಿಸಿದ ಕೆಲಸಕ್ಕೆ ಸಂದುದು ಸುಮಾರು ೪ ಡಾಲರ್. ಈ ಮೂರು ಅಂಕಿಗಳನ್ನು ಹಲಗೆಯ ಮೇಲೆ ಬರೆದಾಗ, ಅಲ್ಲಿಯವರೆಗೆ ಕಿಟಕಿಯ ಹೊರಗೆ ನೋಡುತ್ತಿದ್ದ ಇಬ್ಬರು ಮುಂದೆ ಬಂದು ಕುಳಿತರು. ಪೋರ್ಟಲ್‌ಪ್ಲೇಯರ್ ಕಂಪನಿಗೆ ನಮ್ಮ ನೆರೆಯ ಹೈದರಾಬಾದಿನಲ್ಲಿ ಎಂಜಿನಿಯರುಗಳ ತಂಡವಿದ್ದುದನ್ನೂ ಹೇಳಿದೆ. ಹಿಂಬದಿಯ ಬರಹದಲ್ಲಿ ಆ ಊರಿನ ಹೆಸರಿಲ್ಲ.

ಇನ್ನು ಬ್ಯಾಟರಿ. ಲಿಥಿಯಂ ಬ್ಯಾಟರಿ ಪ್ರತಿ ಸಲ ತುಂಬಿ ಖಾಲಿಯಾದಂತೆ ಸವೆಯುವ ವಸ್ತು. ಸೈಕಲ್ಲಿನ ಟೈರಿನಂತೆ ಬದಲಾಯಿಸಲೇಬೇಕು. ಅಂಥದನ್ನು ತಿರುಪಿಲ್ಲದ ಪೆಟ್ಟಿಗೆಯೊಳಗೆ ಅಂಟಿಸಿಟ್ಟುದು ಏಕೆ? ಯಂತ್ರ ತೆಳುವಾಗಲೆಂದು ಎಂಬುದು ಒಂದು ಉತ್ತರ, ಅದು ಸುಳ್ಳಲ್ಲ. ಆದರೆ ೨೦೦೩ರಲ್ಲಿ ನ್ಯೂಯಾರ್ಕಿನ ನೀಸ್ಟಾಟ್ ಸಹೋದರರು ಐಪಾಡಿನ ಬದಲಾಯಿಸಲಾಗದ ಬ್ಯಾಟರಿ ಹದಿನೆಂಟು ತಿಂಗಳು ಮಾತ್ರ ಬಾಳುತ್ತದೆಂದು ಬೀದಿಯ ಜಾಹೀರಾತುಗಳ ಮೇಲೆ ಅಚ್ಚೊತ್ತಿ, ಅದನ್ನು ಚಿತ್ರೀಕರಿಸಿ ಜಗತ್ತಿಗೆಲ್ಲ ತೋರಿಸಿದರು. ಆ ವರ್ಷವೇ ಕಂಪನಿ ಹಣ ಪಡೆದು ಬ್ಯಾಟರಿ ಬದಲಾಯಿಸಿಕೊಡುವ ವ್ಯವಸ್ಥೆಯನ್ನು ಪ್ರಕಟಿಸಿತು. ಮೊದಲ ಪೀಳಿಗೆಗಳ ಗ್ರಾಹಕರು ಹೂಡಿದ ಮೊಕದ್ದಮೆ ೨೦೦೫ರಲ್ಲಿ ರಾಜಿಯಲ್ಲಿ ಮುಗಿಯಿತು. ಬಳಸುವವನೇ ಬಿಚ್ಚಿ ಬದಲಾಯಿಸಬಹುದಾದ ಬ್ಯಾಟರಿಯಿರಬೇಕೆಂದು ಯುರೋಪಿನ ಒಕ್ಕೂಟ ೨೦೨೩ರಲ್ಲಿ ನಿಯಮ ಮಾಡಿ, ಅದು ಅನ್ವಯವಾಗುವ ದಿನವನ್ನು ೨೦೨೭ರ ಫೆಬ್ರುವರಿ ೧೮ಕ್ಕೆ ಗೊತ್ತುಪಡಿಸಿದೆ. ನಮ್ಮ ಕೇಂದ್ರ ಸರಕಾರವೂ ದುರಸ್ತಿಯ ಹಕ್ಕನ್ನು ಕುರಿತು ೨೦೨೨ರಲ್ಲಿ ಸಮಿತಿಯೊಂದನ್ನು ನೇಮಿಸಿತು. ಹಕ್ಕು ಬಂದರೂ ಅದನ್ನು ಚಲಾಯಿಸುವ ಕೈ ಬೇಕಲ್ಲವೇ? ಬಿಚ್ಚಲು ಹೆದರುವ ಪ್ರಜೆಗೆ ಬಿಚ್ಚುವ ಹಕ್ಕು ಕೊಟ್ಟು ಏನು ಪ್ರಯೋಜನ? ಆ ಹೆದರಿಕೆಯನ್ನು ನಾವು ಶಾಲೆಯಲ್ಲಿಯೇ ಕಲಿಸುತ್ತೇವೆ. ಎಷ್ಟೋ ಪ್ರಯೋಗಶಾಲೆಗಳಲ್ಲಿ ಗಾಜಿನ ಕಪಾಟಿನೊಳಗೆ ಬೀಗದಲ್ಲಿರುವ ಸೂಕ್ಷ್ಮದರ್ಶಕಗಳು ಲೆಕ್ಕಪರಿಶೋಧನೆಯ ದಿನ ಮಾತ್ರ ಹೊರಬರುತ್ತವೆ. ಮುರಿದರೆ ಬರೆದುಕೊಡಬೇಕಾದವನು ಶಿಕ್ಷಕ. ಮುಟ್ಟಲೇ ಬಿಡದಿದ್ದರೆ ಅವನು ಕ್ಷೇಮ. ಈ ಕ್ಷೇಮವನ್ನು ನಾನೂ ಮೂರು ದಶಕ ಅನುಭವಿಸಿದ್ದೇನೆ.

ಆದುದರಿಂದ ನನ್ನ ಸಲಹೆ ಇಷ್ಟೇ. ಪ್ರತಿಯೊಂದು ಪ್ರೌಢಶಾಲೆಯಲ್ಲಿ ದಾಸ್ತಾನು ಪುಸ್ತಕಕ್ಕೆ ಏರದ ವಸ್ತುಗಳ ಒಂದು ಮೇಜಿರಬೇಕು. ಅದರ ಮೇಲಿನದು ಮುರಿದರೆ ಯಾರೂ ಯಾರಿಗೂ ಉತ್ತರ ಹೇಳಬೇಕಾಗಿರಬಾರದು. ದಾನಿಗಳಲ್ಲಿಯೂ ಒಂದು ವಿನಂತಿ. ತಾವು ಕೊಟ್ಟ ಹೊಸ ಗಣಕಯಂತ್ರಗಳಿಗೂ ತೆರೆಗಳಿಗೂ ನಾವು ಋಣಿಗಳು. ಆದರೆ ಅವುಗಳ ಮೇಲೆ ತಮ್ಮ ಹೆಸರಿರುವ ಕಾರಣದಿಂದಲೇ ಅವನ್ನು ಮುಟ್ಟಲು ನಾವು ಮಕ್ಕಳನ್ನು ಬಿಡುವುದಿಲ್ಲ. ತಮ್ಮ ಮನೆಯ ಅಟ್ಟದ ಮೇಲೆ ಸತ್ತು ಬಿದ್ದಿರುವ ಟೇಪ್ ರೆಕಾರ್ಡರ್, ಹಳೆಯ ಫೋನು, ಮಿಕ್ಸಿ, ಗೋಡೆಗಡಿಯಾರಗಳನ್ನು ಹೆಸರು ಹಾಕದೆ ಕೊಟ್ಟರೆ ಅದೂ ದಾನವೇ, ಬಹುಶಃ ಮಕ್ಕಳಿಗೆ ಹೆಚ್ಚು ಹತ್ತಿರದ ದಾನ.

ಅಪಾಯವನ್ನು ಮರೆಮಾಚಲಾರೆ. ಲಿಥಿಯಂ ಬ್ಯಾಟರಿ ಚುಚ್ಚಿದರೆ ಅಥವಾ ಮಡಿಸಿದರೆ ಒಳಗೇ ಹ್ರಸ್ವಮಂಡಲವಾಗಿ ಹೊತ್ತಿ ಉರಿಯಬಲ್ಲದು. ಅದನ್ನು ಬಿಡಿಸುವ ಕೆಲಸ ಶಿಕ್ಷಕನದೇ, ಪಕ್ಕದಲ್ಲಿ ಮರಳಿನ ಬುಟ್ಟಿ ಇಟ್ಟುಕೊಂಡು. ಡಿಸ್ಕಿನ ಗಾಜಿನ ತಟ್ಟೆಯನ್ನು ಬಾಗಿಸಿದರೆ ಚೂರುಚೂರಾಗಿ ಸಿಡಿಯುತ್ತದೆ, ಕನ್ನಡಕವಿಲ್ಲದೆ ಮುಟ್ಟಬಾರದು. ಗೋಡೆಯ ವಿದ್ಯುತ್ತಿಗೆ ಹಾಕುವ ಯಂತ್ರಗಳ ದೊಡ್ಡ ಕಂಡೆನ್ಸರುಗಳು ತಂತಿ ಕಿತ್ತ ಮೇಲೂ ಹೊಡೆಯುತ್ತವೆ. ಹಳೆಯ ಟೆಲಿವಿಷನ್ನಿನ ಚಿತ್ರನಳಿಗೆಯನ್ನಂತೂ ಈ ಮೇಜಿನ ಹತ್ತಿರ ತರಲೇಕೂಡದು. ಮಿಕ್ಕುಳಿದ ಚೂರುಗಳನ್ನು ತಿಪ್ಪೆಗೆ ಎಸೆಯದೆ ನೋಂದಾಯಿತ ಮರುಬಳಕೆದಾರರಿಗೇ ಒಪ್ಪಿಸಬೇಕು.

ನಮ್ಮ ಐಪಾಡಿನ ಗತಿ ಏನಾಯಿತೆಂದು ಕೇಳುವವರಿಗಾಗಿ: ನಾನು ಹರಿದ ಪಟ್ಟಿತಂತಿಗೆ ಬದಲಿಯನ್ನೂ, ಹೊಸ ಬ್ಯಾಟರಿಯನ್ನೂ, ಡಿಸ್ಕಿನ ಜಾಗದಲ್ಲಿ ಮೆಮೊರಿ ಕಾರ್ಡನ್ನು ಕೂರಿಸುವ ಒಂದು ಚಿಕ್ಕ ಫಲಕವನ್ನೂ ಬೆಂಗಳೂರಿನ ಹಳೆಯ ವಿದ್ಯಾರ್ಥಿಯೊಬ್ಬರು ಹುಡುಕಿ ಕಳುಹಿಸಿದರು. ಜೋಡಣೆಯನ್ನು ಮಕ್ಕಳೇ ಮಾಡಿದರು. ನನಗೆ ಎತ್ತಲು ಅನುಮತಿಯಿರಲಿಲ್ಲ. ಮೊದಲ ಸಲ ತೆರೆ ಬೆಳಗಲಿಲ್ಲ. ಎರಡನೆಯ ಸಲ ಬೆಳಗಿತು, ಚಕ್ರ ಕೆಲಸ ಮಾಡಲಿಲ್ಲ. ಅದರ ತಂತಿ ಕೂರಬೇಕಾದಲ್ಲಿ ಪೂರ್ತಿ ಕೂತಿರಲಿಲ್ಲ. ಮೂರನೆಯ ಸಲ ಎಡಗಿವಿಯಲ್ಲಿ ಮಾತ್ರ ಹಾಡು. ನಾಲ್ಕನೆಯ ಶನಿವಾರ ಎರಡೂ ಕಿವಿಯಲ್ಲಿ ಕೇಳಿಸಿತು.

ಮೇಜು ಈಗ ಪ್ರಯೋಗಶಾಲೆಯ ಉತ್ತರದ ಕಿಟಕಿಯ ಬಳಿ ಇದೆ. ಅದರ ಮೇಲೆ ಒಂದು ಟೈಪ್‌ರೈಟರ್, ಎರಡು ಗೋಡೆಗಡಿಯಾರ, ಒಂದು ಫ್ಯಾನಿನ ಮೋಟಾರು ಇವೆ. ಶನಿವಾರ ಮಧ್ಯಾಹ್ನ ಎರಡು ಗಂಟೆಯ ನಂತರ ಯಾರು ಬೇಕಾದರೂ ವಸ್ತುಗಳನ್ನು ತಂದುಕೊಡಬಹುದು. ಬ್ಯಾಟರಿ ಊದಿಕೊಂಡಿರುವವನ್ನು ಮಾತ್ರ ದಯವಿಟ್ಟು ತರಬಾರದು.